ದತ್ತು ಸರದಿಯಲ್ಲಿರುವವರಿಗೆ ಕಾರಾ ಸೇವೆ ಹೇಗಿದೆ? ಕಾಯುವಾಗ ಬಾಲಮಂದಿರಕ್ಕೆ ಹೋಗಬಹುದೇ?

ತುಮಕೂರಿನ ದಂಪತಿ ಸಂಸ್ಥೆಯಲ್ಲಿರುವ ಮಗುವನ್ನು ದತ್ತು ಪಡೆಯಬೇಕಾದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಕೇರಿಂಗ್ಸ್ ಪೋರ್ಟಲ್‌ನಲ್ಲೇ ಹೆಸರು ನೋಂದಾಯಿಸಬೇಕು. ಹಣದ ಲೆಕ್ಕದಲ್ಲಿ ಈ ಸೇವೆ ಚೊಕ್ಕ: ಮನೆ ಅಧ್ಯಯನಕ್ಕೆ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಪರಿಶೀಲಿಸಿ ವರದಿ ಬರೆಯುವುದಕ್ಕೆ, 6,000 ರೂಪಾಯಿ, ಮಗುವನ್ನು ನೀವು ಒಪ್ಪಿದ ಮೇಲೆ ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ 50,000. ಕೊರತೆ ಇರುವುದು ಕಾಯುವ ಕಾಲದಲ್ಲಿ. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಬೇಕೆಂದವರಿಗೆ ಮೂರು ವರ್ಷ ದಾಟುವುದು ಸಾಮಾನ್ಯ, ಅಷ್ಟೂ ದಿನ ಪರದೆಯ ಮೇಲೆ ಕಾಣುವುದು ಸರದಿ ಸಂಖ್ಯೆ ಮಾತ್ರ. ಆ ಅವಧಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಕೂರಿಸಿ ಹೇಳುವವರಿಲ್ಲ.

ನೋಂದಣಿ ಕಷ್ಟವಲ್ಲ, ದಾಖಲೆ ಹೊಂದಿಸುವುದು ಕಷ್ಟ. ಅಪ್‌ಲೋಡ್‌ಗೆ 30 ದಿನ ಗಡುವು. ಆಧಾರ್, ಪ್ಯಾನ್, ಅಂಕಪಟ್ಟಿಗಳಲ್ಲಿ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇದ್ದರೆ, ಮದುವೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಿಲ್ಲದಿದ್ದರೆ, ಮೊದಲು ಅದನ್ನು ಸರಿಪಡಿಸಿಕೊಂಡೇ ಲಾಗಿನ್ ಮಾಡಿ. ಮನೆ ಅಧ್ಯಯನ ವರದಿಗೆ ಮೂರು ವರ್ಷ ಮಾತ್ರ ಮಾನ್ಯತೆ. ಸರದಿ ಅದಕ್ಕಿಂತ ಉದ್ದವಿರುವುದರಿಂದ ನವೀಕರಣದ ದಿನಾಂಕ ಬರೆದಿಟ್ಟುಕೊಳ್ಳಿ. ದಂಪತಿಯ ವಯಸ್ಸು ಕೂಡಿದರೆ 85 ಮೀರಿದೆಯೇ? ಹಾಗಿದ್ದರೆ ಎರಡು ವರ್ಷದೊಳಗಿನ ಮಗು ಸಿಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಈ ಮಿತಿ 90, ನಾಲ್ಕರಿಂದ ಎಂಟಕ್ಕೆ 100.

ಇನ್ನು ಬಾಲಮಂದಿರದ ಭೇಟಿ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ಊರು ಇದು. ಹುಟ್ಟುಹಬ್ಬಕ್ಕೋ ಅಮಾವಾಸ್ಯೆಗೋ ಮಕ್ಕಳಿಗೆ ಊಟ ಹಾಕಿಸುವುದು ನಮಗೆ ಸಹಜ. ಆದರೆ ದತ್ತು ಅರ್ಜಿದಾರರು ಹೋಗುವಾಗ ಲೆಕ್ಕ ಬೇರೆ. ಅಲ್ಲಿರುವ ಬಹುತೇಕ ಮಕ್ಕಳು ದತ್ತಿಗೆ ಇರುವವರೇ ಅಲ್ಲ. ಅಪ್ಪನೋ ಅಮ್ಮನೋ ಇದ್ದು, ಬಡತನಕ್ಕೋ ಕಾಯಿಲೆಗೋ ಬಂದು ಸೇರಿದವರು. ಮಕ್ಕಳ ಕಲ್ಯಾಣ ಸಮಿತಿ 'ದತ್ತು ಮುಕ್ತ', ಅಂದರೆ ಕಾನೂನಿನ ಪ್ರಕಾರ ದತ್ತು ಕೊಡಬಹುದು, ಎಂದು ಘೋಷಿಸಿದ ಮಗು ಮಾತ್ರ ಪೋರ್ಟಲ್‌ಗೆ ಬರುತ್ತದೆ, ಅದೂ ಸರದಿಯ ಪ್ರಕಾರ. ಎಷ್ಟು ಸಲ ಹೋದರೂ ನಿಮ್ಮ ಸಂಖ್ಯೆ ಮುಂದೆ ಸರಿಯದು, ಕಣ್ಣಿಗೆ ಬಿದ್ದ ಮಗುವನ್ನು ಆರಿಸಿಕೊಳ್ಳಲೂ ಆಗದು.

ಮುಖ್ಯವಾಗಿ, ನಿಮ್ಮ ಕಡತ ಇರುವ ವಿಶೇಷ ದತ್ತು ಸಂಸ್ಥೆಗೆ, ಅಂದರೆ ದತ್ತು ಕೊಡಲು ಮಾನ್ಯತೆ ಪಡೆದ ಸಂಸ್ಥೆಗೆ, ನಿಗದಿತ ಶುಲ್ಕ ಬಿಟ್ಟು ಏನೂ ಕೊಡಬೇಡಿ. ದತ್ತಿಗಾಗಿ ಅರ್ಜಿದಾರರಿಂದ ಹಣವಾಗಲಿ ವಸ್ತುವಾಗಲಿ ದೇಣಿಗೆ ಪಡೆಯುವುದಕ್ಕೆ ನಿಯಮದಲ್ಲೇ ನಿಷೇಧವಿದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಅಕ್ಕಿ ಮೂಟೆಯೂ ನಾಳೆ ಇಬ್ಬರಿಗೂ ತಲೆನೋವಾಗಬಹುದು. ಕೊಡುವ ಆಸೆ ಇದ್ದರೆ ದತ್ತಿಗೆ ಸಂಬಂಧವಿಲ್ಲದ ಮತ್ತೊಂದು ಮಕ್ಕಳ ಪಾಲನಾ ಸಂಸ್ಥೆಗೆ ಕೊಡಿ, ರಸೀದಿ ಪಡೆಯಿರಿ. ಆ ಸಂಸ್ಥೆ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಅಡಿ ನೋಂದಣಿ ಆಗಿದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲೇ ವಿಚಾರಿಸಿ, ಭೇಟಿಗೆ ಅನುಮತಿಯನ್ನೂ ಅಲ್ಲೇ ಕೇಳಿ.

ಏನು ಒಯ್ಯಬೇಕೆಂದು ಸೂಪರಿಂಟೆಂಡೆಂಟರನ್ನು ಕೇಳಿಯೇ ಹೊರಡಿ. ಕೇಕು, ಬಿಸ್ಕತ್ತು ಎಲ್ಲರೂ ತರುತ್ತಾರೆ. ಸ್ಯಾನಿಟರಿ ಪ್ಯಾಡು, ಒಳಉಡುಪು, ಅಳತೆ ಕೇಳಿ ತಂದ ಚಪ್ಪಲಿ, ಹೇನಿನ ಬಾಚಣಿಗೆ, ರಾಗಿಹಿಟ್ಟು ತರುವವರು ಕಡಿಮೆ. ಮನೆಯಲ್ಲಿ ಮಾಡಿದ ಅಡುಗೆ ಬೇಡ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಸಂಸ್ಥೆ ಉತ್ತರ ಕೊಡಬೇಕು. ನೆಗಡಿ, ಕೆಮ್ಮು ಇದ್ದರೆ ಹೋಗಲೇಬೇಡಿ.

ಫೋನು ಕಾರಿನಲ್ಲೇ ಇರಲಿ. ಪಾಲನೆ, ರಕ್ಷಣೆಯಲ್ಲಿರುವ ಮಗುವಿನ ಗುರುತು ಸಿಗುವಂತೆ ಫೋಟೊ ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ವಾಟ್ಸಾಪ್ ಸ್ಟೇಟಸ್ ಕೂಡ ಪ್ರಕಟಣೆಯೇ ಎಂದುಕೊಳ್ಳಿ. 'ನಮ್ಮನೆಗೆ ಬರ್ತೀಯಾ ಪುಟ್ಟಾ?' ಎಂಬ ಮಾತು ತಮಾಷೆಗೂ ಬೇಡ. ಆ ಮಗು ಅದನ್ನು ನಂಬುತ್ತದೆ, ಮುಂದಿನ ಭಾನುವಾರ ಗೇಟು ನೋಡುತ್ತಾ ಕೂರುತ್ತದೆ. ಜೊತೆಗೆ ಬರುವ ನಿಮ್ಮ ಮಕ್ಕಳಿಗೂ ಇದನ್ನು ಮೊದಲೇ ಹೇಳಿಕೊಡಿ. ಗುರುತಿಲ್ಲದ ನಿಮ್ಮನ್ನು ನೋಡಿದ ಕೂಡಲೇ ಓಡಿಬಂದು ತಬ್ಬಿಕೊಳ್ಳುವ ಮಗುವನ್ನು 'ಎಷ್ಟು ಪ್ರೀತಿ' ಎಂದು ಮೆಚ್ಚುವವರಿದ್ದಾರೆ. ಆದರೆ ಅದು ಪ್ರೀತಿಯೇ ಆಗಬೇಕಿಲ್ಲ. ಸದಾ ಜೊತೆಗಿದ್ದು ನಂಬಿಕೊಳ್ಳುವಂಥ ಒಬ್ಬ ಹಿರಿಯರು ಸಿಗದ ಮಕ್ಕಳಲ್ಲಿ ಹೀಗೆ ಗುರುತಿಲ್ಲದವರನ್ನೂ ತಬ್ಬುವುದು ಹೆಚ್ಚು. ಹಾಗಾಗಿ ಒಂದು ಸಲ ಹೋಗಿ ಸಂಭ್ರಮಿಸುವುದಕ್ಕಿಂತ, ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ ಹೋಗಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುವುದು ಮೇಲು. ಅಷ್ಟು ಬಿಡುವಿಲ್ಲದವರು ಸಾಮಾನು ಕೊಟ್ಟು ಕಚೇರಿಯಿಂದಲೇ ವಾಪಸಾದರೂ ತಪ್ಪಿಲ್ಲ.

ಸರದಿ ಬಂದಾಗ ಸೇವೆ ಚುರುಕಾಗುತ್ತದೆ, ಎಷ್ಟೆಂದರೆ ಮೈಮರೆತವರು ಅವಕಾಶ ಕಳೆದುಕೊಳ್ಳುತ್ತಾರೆ. ಮಗುವಿನ ವಿವರ ಬಂದ 48 ಗಂಟೆಯೊಳಗೆ ಕಾಯ್ದಿರಿಸಬೇಕು, 30 ದಿನದೊಳಗೆ ಹೋಗಿ ನೋಡಿ ಒಪ್ಪಬೇಕು. ಮಗು ಬೇರೆ ರಾಜ್ಯದ್ದೂ ಆಗಿರಬಹುದು, ಪ್ರಯಾಣಕ್ಕೆ ಹಣ, ರಜೆ ತೆಗೆದಿಡಿ. ನೋಂದಣಿಯ ಮೊಬೈಲ್ ನಂಬರ್ ಬದಲಿಸಿದ್ದರೆ ಪೋರ್ಟಲ್‌ನಲ್ಲೂ ಬದಲಿಸಿ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಈ ನಡುವೆ ಯಾರಾದರೂ 'ಆಸ್ಪತ್ರೆಯಿಂದಲೇ ಮಗು ಕೊಡಿಸ್ತೀನಿ' ಎಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಂಥವರ ಕೈಯಿಂದ ದುಡ್ಡು ಕೊಟ್ಟು ಮಗು ಪಡೆದರೆ ಕೊಟ್ಟವರ ಜೊತೆ ಕೊಂಡವರಿಗೂ ಐದು ವರ್ಷದವರೆಗೆ ಶಿಕ್ಷೆ ಇದೆ.