ತೋಪಿನ ವಿಜಯಪುರ, ಕಥೆಯ ಕಿತ್ತೂರು, ಗುಡ್ಡದ ಬಾದಾಮಿ: ಮನೆಮಂದಿಯೆಲ್ಲ ಹೋಗೋಕೆ ಯಾವುದು ಸರಿ?

ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸುಲಭ. ಅಲ್ಲಿ ಯಾರು ಯಾರ ಮೇಲೆ ಯಾಕೆ ಬಿದ್ದರು, ಹೇಗೆ ಗೆದ್ದರು ಅನ್ನುವುದು ಅವರ ತಲೆಗೆ ಹೋಗಬೇಕಲ್ಲ, ಅದು ಕಷ್ಟ. ನಾವಿರುವುದು ಬಾಗಲಕೋಟೆಯಲ್ಲಿ. ವಿಜಯಪುರ, ಬಾದಾಮಿ ಎರಡೂ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಕಿತ್ತೂರಿಗೆ ಮಾತ್ರ ಒಂದು ರಾತ್ರಿ ಇಟ್ಟುಕೊಂಡರೆ ಆರಾಮ. ಮೂರಕ್ಕೂ ಹೋಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಮೂರು ಪಕ್ಷ ಆಗಿವೆ. ನಮ್ಮ ಯಜಮಾನರದು ಬಾದಾಮಿ. ಹೈಸ್ಕೂಲ್ ಮಗಳದು ಕಿತ್ತೂರು. ಮೂರನೇ ಕ್ಲಾಸಿನ ಮಗ ಮತ್ತು ಮಂಡಿನೋವಿನ ಅತ್ತೆ ಇಬ್ಬರೂ ವಿಜಯಪುರದ ಕಡೆ. ಗುಡಿ, ಶಿಲ್ಪ, ಫೋಟೋ ಇವನ್ನೆಲ್ಲ ಪಕ್ಕಕ್ಕಿಟ್ಟು, ಬರೀ ಯುದ್ಧದ ಲೆಕ್ಕದಲ್ಲಿ ಹೋಲಿಸುತ್ತೇನೆ.

ವಿಜಯಪುರದಿಂದ ಶುರು ಮಾಡೋಣ. ಎಲ್ಲರೂ ಮೊದಲು ಗೋಲಗುಮ್ಮಟಕ್ಕೆ ಓಡುತ್ತಾರೆ. ನೀವು ಶೆರ್ಜಾ ಬುರುಜಿಗೆ ಹೋಗಿ. ಅಲ್ಲಿದೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ. ಉದ್ದ 14 ಅಡಿಗಿಂತ ಜಾಸ್ತಿ, ತೂಕ ಸುಮಾರು 55 ಟನ್. 1632ರಲ್ಲಿ ವಿಜಯಪುರದ ಆದಿಲ್ ಶಾಹಿ ಸುಲ್ತಾನರು ಪರಾಂಡಾ ಕೋಟೆಯಿಂದ ಗೆದ್ದು ತಂದರು. 55 ಟನ್ ಲೋಹವನ್ನು ಆ ಕಾಲದ ರಸ್ತೆಯಲ್ಲಿ ಎತ್ತು, ಆನೆ ಕಟ್ಟಿ ಎಳೆಸುವುದೆಂದರೆ ಅದೇ ಒಂದು ದಂಡಯಾತ್ರೆ.

ತೋಪಿನ ಬಾಯಿಯ ಹತ್ತಿರ ನಿಂತು ನೋಡಬೇಕು. ಸಿಂಹದ ಮುಖ, ತೆರೆದ ದವಡೆ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆ. ಮಗ ಆನೆ ಹುಡುಕುತ್ತಾ ಆ ಬದಿಗೊಮ್ಮೆ ಈ ಬದಿಗೊಮ್ಮೆ ಓಡಾಡಿದ. ಅತ್ತೆ ಬಗ್ಗಿ ಒಳಗೆ ನೋಡಿ, "ಇದರೊಳಗ ಒಬ್ಬ ಮನಷ್ಯಾ ಕುಂದರತಾನ ನೋಡವಾ" ಅಂದರು. ನಿಜ, ಕೂರಬಹುದು. ತಾಮ್ರಕ್ಕೆ ತವರ ಬೆರೆಸಿದ ಕಂಚು ಅದು. ತಟ್ಟಿದರೆ ಗಂಟೆಯ ಸದ್ದು. ಮೈಮೇಲೆ ಅಕ್ಷರಗಳಿವೆ. ಅವುಗಳಲ್ಲಿ ಒಂದನ್ನು ಬರೆಸಿದವನು ಔರಂಗಜೇಬ್, ಈ ತೋಪನ್ನೂ ಗೆದ್ದೆ ಅಂತ. ಇನ್ನೊಂದು ತಮಾಷೆ ಕೇಳಿ. 1854ರಲ್ಲಿ ಇದನ್ನು ಹಳೇ ಸಾಮಾನಿನಂತೆ ಹರಾಜಿಗಿಟ್ಟರು. ಬಂದ ಬೆಲೆ 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಉಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಹೊರಮೈಯನ್ನೇ ಸುತ್ತಿಕೊಂಡು ಹೋಗುತ್ತದೆ, ಚಿಕ್ಕವರ ಕೈ ಬಿಡಬೇಡಿ. ಮೇಲೆ 30 ಅಡಿ ಉದ್ದದ ತೋಪು, ಹೆಸರು ಲಂಬಛಡಿ. ಇದು ಎರಕದ್ದಲ್ಲ. ಕಬ್ಬಿಣದ ಉದ್ದ ಪಟ್ಟಿಗಳನ್ನು ಜೋಡಿಸಿ, ಗಾಡಿ ಗಾಲಿಗೆ ಹಳಿ ಬಿಗಿಯುವ ಹಾಗೆ ಮೇಲೆ ಬಳೆ ಬಿಗಿದಿದ್ದಾರೆ. ಹತ್ತಿರ ಹೋದರೆ ಬಳೆಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಕೆಳಗಿನ ಕಂಚಿನ ತೋಪು, ಮೇಲಿನ ಕಬ್ಬಿಣದ ತೋಪು, ಎರಡು ಬೇರೆ ಬೇರೆ ತಂತ್ರ. ಒಂದೇ ಬೆಳಿಗ್ಗೆ ಎರಡನ್ನೂ ನೋಡಿದರೆ ಯಾರೂ ವಿವರಿಸುವುದೇ ಬೇಡ. ತೋಪು ಸುತ್ತ ತಿರುಗಲಿ ಅಂತ ಮಾಡಿದ ಗುಂಡಗಿನ ಕಟ್ಟೆಯನ್ನೂ, ಹಾರಿಸಿದಾಗ ಅದು ಹಿಂದಕ್ಕೆ ಒದೆಯುವುದನ್ನು ತಡೆಯಲು ಕಟ್ಟಿದ ಗೋಡೆಯನ್ನೂ ಮಕ್ಕಳಿಗೆ ತೋರಿಸಿ. ಊರೊಳಗೆ ಇಷ್ಟು ಎತ್ತರ ಯಾಕೆ ಅಂತ ಮಗಳು ಕೇಳಿದಳು. ಮೇಲೆ ನಿಂತು ಒಂದು ಸುತ್ತು ನೋಡಿದ ಮೇಲೆ ತಾನೇ ಉತ್ತರ ಹೇಳಿದಳು. ಕೋಟೆಗೋಡೆಯ ಆಚೆ ಬಯಲೋ ಬಯಲು. ಬರುವವರು ದೂರದಿಂದಲೇ ಕಾಣುತ್ತಾರೆ.

ಮಗನ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಇಷ್ಟ್ ದೊಡ್ಡ ತೋಪ್ ಇದ್ರೂ ಯಾಕ್ ಸೋತ್ರು?" 1685ರಲ್ಲಿ ಮೊಘಲರು ಊರನ್ನು ಮುತ್ತಿದರು. ವರ್ಷದ ಮೇಲೆ ಮುತ್ತಿಗೆ ನಡೆಯಿತು. ಒಳಗೆ ಕಾಳುಕಡಿ ಮುಗಿಯಿತು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದ. ತೋಪು ಗೋಡೆ ಕಾಯುತ್ತದೆ, ಹೊಟ್ಟೆ ತುಂಬಿಸುವುದಿಲ್ಲ ಅಲ್ವಾ ಅಂದೆ. ಅವನಿಗೆ ಅರ್ಥವಾಯಿತು.

ಇನ್ನು ಕಿತ್ತೂರು. ಕಣ್ಣಿಗೆ ಕಾಣುವುದು ಕಡಿಮೆ, ಮೊದಲೇ ಹೇಳಿಬಿಡುತ್ತೇನೆ. ಅರಮನೆಯ ಮೊಂಡು ಗೋಡೆಗಳು, ಅಡಿಪಾಯ, ಧ್ರುವ ನಕ್ಷತ್ರ ನೋಡಲು ಮಾಡಿದ್ದು ಅಂತ ತೋರಿಸುವ ಒಂದು ಕಿಂಡಿ, ಪಕ್ಕದಲ್ಲಿ ವಸ್ತುಸಂಗ್ರಹಾಲಯ. ಮಗ ಅರ್ಧ ಗಂಟೆಯಲ್ಲಿ "ತೋಪ್ ಎಲ್ಲಿ?" ಅಂದ. ಆದರೆ ಕಥೆ ಗೊತ್ತಿದ್ದವರಿಗೆ ಇದು ಬೇರೆಯೇ ಜಾಗ. ಕಿತ್ತೂರಿನ ಗಾದಿಗೆ ತಂದ ದತ್ತು ಮಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡು ಕಟ್ಟಿಕೊಂಡು ಬಂದ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಮ್ಮೆಲೇ ತೆರೆದುಕೊಂಡು ಚೆನ್ನಮ್ಮನ ಸೈನ್ಯ ಹೊರನುಗ್ಗಿತು. ಥ್ಯಾಕರೆ ಸತ್ತ. ಗುಂಡು ಹೊಡೆದವನು ಅಮಟೂರು ಬಾಳಪ್ಪ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ಇನ್ನೂ ದೊಡ್ಡ ದಂಡು ತಂದಿತು, ಕಿತ್ತೂರು ಬಿತ್ತು.

ಇಷ್ಟನ್ನು ಮಗಳು ಬಾಗಿಲಿದ್ದ ಜಾಗದಲ್ಲೇ ನಿಂತು ತಮ್ಮನಿಗೆ ಹೇಳಿದಳು. ಯಾರು ಎಲ್ಲಿ ನಿಂತಿದ್ದರು, ಯಾವ ಕಡೆಯಿಂದ ಬಂದರು ಅಂತ ಕೈ ಮಾಡಿ ಮಾಡಿ ತೋರಿಸಿದಳು. ತೋಪು ಕೇಳುತ್ತಿದ್ದವನು ಸುಮ್ನೆ ಕೂತು ಕೇಳಿದ. ಆದ್ದರಿಂದ ಕಿತ್ತೂರಿಗೆ ಹೋಗುವವರು ಕಥೆ ಹೇಳುವವರನ್ನು ಮನೆಯಿಂದಲೇ ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಕಲ್ಲು ನೋಡಿ ಬಂದಂತಾಗುತ್ತದೆ.

ಕಿತ್ತೂರನ್ನು ಒಂದನ್ನೇ ನೋಡಿ ತಿರುಗಬೇಡಿ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ, ಅಲ್ಲೇ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಅವನ ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಬೇರೆ ಯಾವ ಕೋಟೆಯಲ್ಲೂ ನಾನು ಇದನ್ನು ನೋಡಿಲ್ಲ. ವಿಜಯಪುರದ ಸುಲ್ತಾನರು ಈಗ ಟಿಕೆಟ್ ಕೌಂಟರಿನ ಆಚೆ ಇದ್ದಾರೆ. ರಾಯಣ್ಣ ಇನ್ನೂ ಜನರ ಮನೆಯವನು. ಅತ್ತೆ ಅಲ್ಲಿ ಕಾಯಿ ಒಡೆಸಿದರು.

ಬಾದಾಮಿಯ ವಿಷಯ ಚಿಕ್ಕದು, ಏಕೆಂದರೆ ಅದು ಕಾಲಿರುವವರ ಜಾಗ. ಗುಹೆಗಳ ಎದುರಿನ ಗುಡ್ಡ, ವಸ್ತುಸಂಗ್ರಹಾಲಯದ ಪಕ್ಕದಿಂದ ಹತ್ತುವ ಬಡಗಣ ಕೋಟೆ, ಅದೇ ನೋಡಬೇಕಾದದ್ದು. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಮೇಲೆ ಹೋಗುತ್ತಿರುವಾಗ ಯಜಮಾನರು ನಿಂತು, "ಇಲ್ಲಿ ನಾಕ್ ಮಂದಿ ಕಲ್ಲು ಉಳ್ಳಿಸಿದ್ರ ಸಾಕು, ದಂಡು ನಿಂತ ಹೋಗ್ತದ" ಅಂದರು. ಸರಿಯಾದ ಮಾತು. ಒಂದನೇ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಮಾಡಿಸಿದ್ದನ್ನು ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಇಷ್ಟು ಭದ್ರ ಊರನ್ನೂ 642ರಲ್ಲಿ ಪಲ್ಲವರ ನರಸಿಂಹವರ್ಮ ಗೆದ್ದ, ತನ್ನ ಶಾಸನವನ್ನೂ ಇಲ್ಲೇ ಬಂಡೆಗೆ ಕೆತ್ತಿಸಿದ. ಗೆದ್ದವನ ಸಹಿ ಸೋತವನ ಮನೆಯಲ್ಲಿ! ತೆಂಕಣ ಗುಡ್ಡದ ಮೇಲೂ ಕೋಟೆ ಇದೆ, ಆದರೆ ಗುಹೆಗಳ ಮೇಲಿನ ಆ ದಾರಿ ಮುಚ್ಚಿದೆ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿಯಬೇಡಿ. ಅತ್ತೆ ಕೆರೆಯ ದಂಡೆಯಲ್ಲೇ ಕೂತರು, ಬೇಜಾರೂ ಮಾಡಿಕೊಂಡರು. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರಿಂದ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ತಿಂದ ಮೇಲೆ ಸಮಾಧಾನವಾಯಿತು. ಊಟದ ವಿಷಯದಲ್ಲಿ ಬಾದಾಮಿಯನ್ನು ಉಳಿದೆರಡು ಮುಟ್ಟುವುದೂ ಇಲ್ಲ.

ಬೆಳಗಾವಿ ಕೋಟೆ ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳಬಹುದು. ನೋಡಿದೆವು. ಕಂದಕ ಚೆನ್ನಾಗಿದೆ, ಕಮಲ ಬಸದಿ ತುಂಬಾ ಚೆನ್ನಾಗಿದೆ. ಆದರೆ 1818ರ ಬ್ರಿಟಿಷ್ ಮುತ್ತಿಗೆ ಹೇಗೆ ನಡೆಯಿತು ಅಂತ ಅಲ್ಲಿ ನಿಂತು ಊಹಿಸುವುದು ಕಷ್ಟ. ಮುಧೋಳ ತಾಲ್ಲೂಕಿನ ಹಲಗಲಿಗೆ ಮಾತ್ರ ಬಿಡುವಾದಾಗ ಹೋಗಿ. 1857ರಲ್ಲಿ ಆಯುಧ ಒಪ್ಪಿಸಲ್ಲ ಅಂತ ಬೇಡರು ತಿರುಗಿಬಿದ್ದ ಊರು. ನೋಡಲು ಹೆಚ್ಚೇನಿಲ್ಲ, ಅರ್ಧ ದಿನ ಸಾಕು. ಹಲಗಲಿ ಬೇಡರ ಲಾವಣಿ ಗೊತ್ತಿರುವವರಿಗೆ ಹೋದದ್ದು ದಂಡ ಅನ್ನಿಸಲ್ಲ.

ನನ್ನ ಮತ? ಹತ್ತು ವರ್ಷದೊಳಗಿನ ಮಕ್ಕಳು, ವಯಸ್ಸಾದವರು ಇದ್ದರೆ ವಿಜಯಪುರ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆಗೆ ಶೆರ್ಜಾ ಬುರುಜು, ಉಪಲಿ ಬುರುಜು ಹತ್ತಲಾಗದವರು ಕೆಳಗೆ ನಿಲ್ಲಬಹುದು, ಒಂದು ಟಾಂಗಾ ಸವಾರಿಯೂ ಆಗುತ್ತದೆ. ಮಕ್ಕಳು ಏಳನೇ ಕ್ಲಾಸು ದಾಟಿದ್ದರೆ ಕಿತ್ತೂರು, ಬೈಲಹೊಂಗಲ, ನಂದಗಡ ಒಟ್ಟಿಗೆ. ಬಾದಾಮಿ ಗುಡ್ಡಕ್ಕೆ ದೊಡ್ಡವರಷ್ಟೇ ಹೋದರೆ ಚೆಂದ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಯಾವುದೂ ಬೇಡ. ಕಿತ್ತೂರಿಗೆ ಅಕ್ಟೋಬರ್ 23ರ ಉತ್ಸವಕ್ಕೇ ಹೋಗೋಣ ಅಂತ ಮಗಳ ಹಟ. ಜಾತ್ರೆ ಬೇಕಿದ್ದವರು ಆಗ ಹೋಗಲಿ. ಕೋಟೆ ನೋಡಬೇಕಿದ್ದರೆ ನವೆಂಬರಿಗೆ ಹೋಗುವುದೇ ಒಳ್ಳೆಯದು.