ಹದಿನಾರು ಮೊಳದ ಕಿಲ್ಟ್, ಅದಕ್ಕೊಪ್ಪುವ ವೇಸ್ಟ್‌ಕೋಟ್

ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಡುಪು, ಹೊಲಿಯಲು ಕೊಟ್ಟು 9 ವಾರ ಕಾದೆ. ಕಳೆದ ಆಗಸ್ಟ್‌ನಲ್ಲಿ ಕೈಗೆ ಬಂತು. ಅಲ್ಲಿಂದ ಈಚೆಗೆ ನಾಲ್ಕು ಸಲ ಉಟ್ಟಿದ್ದೇನೆ. ಎರಡು ಮದುವೆ, ನವೆಂಬರ್ 30ರ ಸೇಂಟ್ ಆಂಡ್ರೂಸ್ ಡೇ (ಸ್ಕಾಟ್ಲೆಂಡಿನ ನಾಡಹಬ್ಬ) ಊಟ, ಜನವರಿ 25ರ ಬರ್ನ್ಸ್ ಸಪ್ಪರ್ (ಕವಿ ರಾಬರ್ಟ್ ಬರ್ನ್ಸ್ ನೆನಪಿನ ಊಟ). ಇಷ್ಟು ಉಟ್ಟ ಮೇಲೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು. ಎಡಿನ್‌ಬರಾ, ಗ್ಲಾಸ್ಗೋ ಕಡೆ ಇರುವ ನಮ್ಮವರು ಆಗಾಗ ಕೇಳುತ್ತಾರೆ: ಬಾಡಿಗೆಗೆ ತರೋದಾ, ಹೊಲಿಸೋದಾ? ಯಾವ ಟಾರ್ಟನ್ (ಕಿಲ್ಟಿನ ಚೌಕುಳಿ ಬಟ್ಟೆ) ತಗೋಬೇಕು? ಅವರಿಗಾಗಿಯೇ ಇದು.

ನಾನು ಹೋದದ್ದು ಎಡಿನ್‌ಬರಾದಲ್ಲಿ, ಲೀತ್ ಕಡೆಯ ಒಂದು ಚಿಕ್ಕ ಅಂಗಡಿಗೆ. ಮುಂದೆ ಒಂದು ಕೋಣೆ, ಹಿಂದೆ ಹೊಲಿಗೆಯ ಕೋಣೆ. ರಾಯಲ್ ಮೈಲ್ ಬೀದಿಯಲ್ಲಿ ನಡೆದರೆ ಕಡಿಮೆ ಬೆಲೆಯ ಕಿಲ್ಟ್‌ಗಳು ಸಾಲಾಗಿ ನೇತಾಡುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಒಂದು ಸಲದ ಫೋಟೋಗೆ ಪರವಾಗಿಲ್ಲ. ಆದರೆ ಉಣ್ಣೆಯ ಕಿಲ್ಟ್ ಪಕ್ಕದಲ್ಲಿ ಅದನ್ನು ಮುಟ್ಟಿ ನೋಡಿದರೆ ಆಮೇಲೆ ಕೊಳ್ಳಲು ಮನಸ್ಸು ಬರುವುದಿಲ್ಲ.

ನಾನು ದಾವಣಗೆರೆಯವನು. ಅಮ್ಮ 22 ವರ್ಷ ಮ್ಯಾಚಿಂಗ್ ಸೆಂಟರ್ ನಡೆಸಿದರು. ಸೀರೆ ಹಿಡಿದು ಬಂದವರಿಗೆ ಬ್ಲೌಸ್ ಪೀಸ್ ತೆಗೆದು ಕೊಡುವುದೇ ಕೆಲಸ. ರಾಮಾ ಗ್ರೀನ್, ಬಾಟಲ್ ಗ್ರೀನ್, ಗಿಳಿಹಸಿರು ಅಂತ ಒಂದೇ ಹಸಿರಿನಲ್ಲಿ ಒಂದು ರ‍್ಯಾಕ್ ತುಂಬ ಥಾನುಗಳು. ಯಾರು ಬಂದರೂ ಅಮ್ಮ ಪೀಸನ್ನೂ ಸೀರೆಯನ್ನೂ ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿಯುತ್ತಿದ್ದರು. 'ಒಳಗೆ ಎಲ್ಲ ಮ್ಯಾಚ್ ಆಗುತ್ತೆ, ಹೊರಗೆ ಬಂದ ಮೇಲೆ ಗೊತ್ತಾಗೋದು' ಅನ್ನುತ್ತಿದ್ದರು. ಈ ಮಾತು ನೆನಪಿದ್ದೂ ನಾನು ಒಂದು ಸಲ ಮರೆತೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಟಾರ್ಟನ್. ನಮ್ಮವರಿಗೆ ಬರುವ ಮೊದಲ ಅಳುಕು: ನಾವು ಯಾವ ಕ್ಲ್ಯಾನ್‌ಗೂ (ಸ್ಕಾಟಿಷ್ ಮನೆತನ) ಸೇರಿದವರಲ್ಲ, ಉಟ್ಟರೆ ತಪ್ಪಾಗುತ್ತದಾ? ತಪ್ಪಾಗುವುದಿಲ್ಲ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲು, ಅದನ್ನು ಬಿಡಿ. ಇಂಥ ಕೆಲವನ್ನು ಬಿಟ್ಟರೆ ಉಳಿದದ್ದರಲ್ಲಿ ಹೆಚ್ಚಿನದು ಕಾನೂನಲ್ಲ, ಮರ್ಯಾದೆಯ ವಿಷಯ. ಒಂದು ಮನೆತನದ ಹೆಸರಿನ ಟಾರ್ಟನ್ ಉಡುವ ಮುಂಚೆ ನನಗೂ ಆ ಹೆಸರಿಗೂ ಏನು ನಂಟು ಅಂತ ಕೇಳಿಕೊಳ್ಳುವುದು ಒಳ್ಳೆಯದು. ನಂಟಿಲ್ಲದವರಿಗೂ ಬೇಕಾದಷ್ಟು ಇದೆ. ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್, ಕ್ಯಾಲಿಡೋನಿಯಾ, ಇವನ್ನು ಯಾರು ಬೇಕಾದರೂ ಉಡುತ್ತಾರೆ. ಊರು, ಜಿಲ್ಲೆ, ದ್ವೀಪಗಳ ಹೆಸರಿನವೂ ಇವೆ. ಎಡಿನ್‌ಬರಾಕ್ಕೇ ಒಂದು ಇದೆ, ಐಲ್ ಆಫ್ ಸ್ಕೈಗೆ ಒಂದು ಇದೆ. ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಅಂತ ಸರ್ಕಾರದ ದಾಖಲೆಯೇ ಇದೆ. 2008ರಲ್ಲಿ ಕಾನೂನು ಮಾಡಿ 2009ರಲ್ಲಿ ಶುರು ಮಾಡಿದರು. ಆನ್‌ಲೈನ್‌ನಲ್ಲಿ ಸುಮ್ನೆ ಹುಡುಕಿ ನೋಡಬಹುದು. ನಾನು ಮೂರು ರಾತ್ರಿ ಅದರಲ್ಲೇ ಕಳೆದೆ.

ಇನ್ನೊಂದು ವಿಷಯ ಓದಿ ನನ್ನ ಅಳುಕು ಪೂರ್ತಿ ಹೋಯಿತು. ಇವತ್ತು ಕ್ಲ್ಯಾನ್ ಟಾರ್ಟನ್ ಅಂತ ನಾವು ನೋಡುವ ಪಟ್ಟಿಯಲ್ಲಿ ಬಹಳಷ್ಟು 19ನೇ ಶತಮಾನದಲ್ಲಿ ಗಟ್ಟಿಯಾದದ್ದು. 1746ರ ಕಾನೂನಿನಿಂದ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡಗಾಡು) ಉಡುಪನ್ನೇ ನಿಷೇಧ ಮಾಡಿದ್ದರು. 1782ರಲ್ಲಿ ಅದನ್ನು ತೆಗೆದರು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಎಲ್ಲರಿಗೂ ಟಾರ್ಟನ್ ಬೇಕಾಯಿತು. ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಕಾರರು ತಮ್ಮ ಎಷ್ಟೋ ಟಾರ್ಟನ್‌ಗಳನ್ನು ಮೊದಲು ಬರೀ ನಂಬರಿನ ಮೇಲೆ ಮಾರುತ್ತಿದ್ದರಂತೆ, ಹೆಸರು ಆಮೇಲೆ ಬಂತು. ನಮ್ಮ ಸೀರೆ ಅಂಗಡಿಗಳಲ್ಲೂ ಡಿಸೈನ್ ನಂಬರ್ ಇರುತ್ತದೆ, ಅಲ್ವಾ? ಇದೂ ಮಗ್ಗದವರ ಲೆಕ್ಕವೇ ಅಂತ ತಿಳಿದಾಗ ನನಗೆ ಬಹಳ ಹತ್ತಿರ ಅನ್ನಿಸಿತು.

ಮಗ್ಗದ ಮಾತು ಬಂದದ್ದರಿಂದ ಹೇಳುತ್ತೇನೆ. ಟಾರ್ಟನ್ ಅಂದರೆ ಬರೀ ಚೌಕುಳಿ ಅಲ್ಲ. ಹಾಸಿನಲ್ಲಿ ಯಾವ ಬಣ್ಣದ ಎಷ್ಟು ಎಳೆ ಬರುತ್ತದೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಲೆಕ್ಕ ಬರುತ್ತದೆ. ಈ ಲೆಕ್ಕ ಒಂದು ಸುತ್ತು ಮುಗಿಯುವಷ್ಟು ಅಗಲಕ್ಕೆ ಸೆಟ್ ಅನ್ನುತ್ತಾರೆ. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ ನೇಯುವುದರಿಂದ ಬಟ್ಟೆಯ ಮೇಲೆ ಓರೆ ಗೆರೆ ಕಾಣುತ್ತದೆ. ಎರಡು ಬಣ್ಣ ಅಡ್ಡ ಹಾಯುವ ಕಡೆ ಮೂರನೆಯ ಬಣ್ಣ ಇದ್ದ ಹಾಗೆ ಕಾಣುವುದು ಅದರಿಂದಲೇ.

ನಾನು ಆರಿಸಿದ್ದು ಹಂಟಿಂಗ್ ಸ್ಟುವರ್ಟ್. ಹಸಿರು ಮೈ, ಕಡು ನೀಲಿ ಮತ್ತು ಕಪ್ಪು ಪಟ್ಟೆ, ಹಸಿರಿನ ಮೇಲೆ ಸಣ್ಣ ಗೆರೆಗಳು. ಒಂದು ಗೆರೆ ಕೆಂಪು, ಒಂದು ಹಳದಿ. ಆ ಎರಡು ಗೆರೆ ನೋಡಿದ ಕೂಡಲೇ ನನ್ನ ಮನಸ್ಸು ನಿಂತುಬಿಟ್ಟಿತು. ಅರಿಶಿನ, ಕುಂಕುಮ. ನಮ್ಮ ಬಾವುಟದ ಬಣ್ಣ. ಎಡಿನ್‌ಬರಾದ ಹಳೆಯ ಪಡೆ ರಾಯಲ್ ಸ್ಕಾಟ್ಸ್‌ನವರು ಇದೇ ಟಾರ್ಟನ್‌ನ ಪ್ಯಾಂಟ್ ತೊಡುತ್ತಿದ್ದರು. ನಾನು ಹನ್ನೊಂದು ವರ್ಷದಿಂದ ಇರುವ ಊರು, ನಾನು ಹುಟ್ಟಿದ ನಾಡು, ಎರಡೂ ಒಂದೇ ಬಟ್ಟೆಯಲ್ಲಿ ಸಿಕ್ಕ ಹಾಗಾಯಿತು.

ಆದರೆ ಹೆಸರು ಗೊತ್ತಾದರೆ ಕೆಲಸ ಮುಗಿಯಲಿಲ್ಲ. ಒಂದೇ ಟಾರ್ಟನ್ ಮಾಡರ್ನ್, ಏನ್ಷಿಯೆಂಟ್, ವೆದರ್ಡ್ ಅಂತ ಬೇರೆ ಬೇರೆ ಬಣ್ಣದ ಹದದಲ್ಲಿ ಬರುತ್ತದೆ. ಏನ್ಷಿಯೆಂಟ್ ಅಂದರೆ ಬಟ್ಟೆ ಹಳೆಯದಲ್ಲ, ಹಳೆಯ ಗಿಡಮೂಲಿಕೆ ಬಣ್ಣದ ಹಾಗೆ ತಿಳಿಯಾಗಿ ಕಾಣುವಂಥದ್ದು. ಅದರಲ್ಲಿ ಕೆಂಪು ಕಿತ್ತಳೆ ಕಡೆ ಹೋಗುತ್ತದೆ, ನೀಲಿ ಆಕಾಶನೀಲಿ ಆಗುತ್ತದೆ. ವೆದರ್ಡ್‌ನಲ್ಲಿ ಹಸಿರು ಕಂದು ಬಣ್ಣವಾಗುತ್ತದೆ, ನೀಲಿ ಬೂದು ಬಣ್ಣವಾಗುತ್ತದೆ. ನೋಡಲು ಬಹಳ ಚೆಂದ. ಆದರೆ ನನಗೆ ಕುಂಕುಮ ಕುಂಕುಮವಾಗಿಯೇ ಬೇಕಿತ್ತು. ಆದ್ದರಿಂದ ಮಾಡರ್ನ್. ಅಂಗಡಿಯಾಕೆ ಮೂರನ್ನೂ ನನ್ನ ಸೊಂಟಕ್ಕೆ ಒಂದೊಂದಾಗಿ ಹಿಡಿದು ಕನ್ನಡಿ ಮುಂದೆ ನಿಲ್ಲಿಸಿದರು. ನಮ್ಮ ಮೈಬಣ್ಣಕ್ಕೆ ಗಾಢ ಬಣ್ಣ ಒಪ್ಪುತ್ತದೆ ಅಂತ ಅಮ್ಮ ಹೇಳುತ್ತಿದ್ದದ್ದು ಅಲ್ಲಿ ಕಣ್ಣಿಗೆ ಕಂಡಿತು. ಆಕೆ ಅವಸರ ಮಾಡಲಿಲ್ಲ. ಬಟ್ಟೆ ತುಂಡು ಕೊಟ್ಟು ಮನೆಗೆ ಒಯ್ದು ಒಂದು ವಾರ ನೋಡಿ ಅಂದರು. ಈ ಒಂದು ಕಾರಣಕ್ಕೇ ಆ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಬಟ್ಟೆಯ ತೂಕದ ಬಗ್ಗೆ. ಒಂದು ಗಜಕ್ಕೆ 16 ಔನ್ಸ್, 13 ಔನ್ಸ್, ಅದಕ್ಕಿಂತ ಹಗುರದ್ದು, ಹೀಗೆ ಕೇಳುತ್ತಾರೆ. 16 ತಗೊಳ್ಳಿ. ಹಗುರದ ಬಟ್ಟೆಯಲ್ಲಿ ನೆರಿಗೆ ಗಾಳಿಗೆ ಏಳುತ್ತದೆ, ಕೂತು ಎದ್ದರೆ ಮುದುಡುತ್ತದೆ. ಎರಡು ಪಟ್ಟು ಅಗಲದ ಬಟ್ಟೆ 4 ಗಜ ತಗೊಂಡು ಉದ್ದಕ್ಕೆ ಸೀಳಿ ಜೋಡಿಸಿದರೆ 8 ಗಜ ಆಗುತ್ತದೆ. ಹತ್ತಿರ ಹತ್ತಿರ 1.8 ಕಿಲೋ ತೂಕ. 8 ಗಜ ಅಂದರೆ 16 ಮೊಳ. ನಮ್ಮ ಅಜ್ಜಿ ಕಚ್ಚೆ ಹಾಕಿ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ. ಇದು ಎರಡೇ ಮೊಳ ಕಡಿಮೆ. ಇಷ್ಟು ಉದ್ದದ ಬಟ್ಟೆಯನ್ನು ಒಬ್ಬ ಮನುಷ್ಯನ ಸೊಂಟಕ್ಕೆ ತರುವುದು ನೆರಿಗೆಯ ಜಾಣತನ.

ನೆರಿಗೆಯನ್ನು ಎರಡು ರೀತಿ ಹಿಡಿಯುತ್ತಾರೆ. ಒಂದು, ಸ್ಟ್ರೈಪ್‌ಗೆ. ಪ್ರತಿ ನೆರಿಗೆಯ ಮೇಲೂ ಒಂದೇ ಗೆರೆ ಬರುವ ಹಾಗೆ. ಸೈನ್ಯದ ಪದ್ಧತಿ. ಹಿಂದಿನಿಂದ ನೋಡಿದರೆ ಕಿಲ್ಟ್ ಬೇರೆಯೇ ಕಾಣುತ್ತದೆ, ನಡೆದಾಗ ನೆರಿಗೆಯೊಳಗಿನ ಬಣ್ಣ ಮಿಂಚುತ್ತದೆ. ಇನ್ನೊಂದು, ಸೆಟ್‌ಗೆ. ಮುಂದೆ ಇರುವ ಚಿತ್ರವೇ ಹಿಂದೆಯೂ ಮುರಿಯದೆ ಮುಂದುವರಿಯುವ ಹಾಗೆ. ಇದಕ್ಕೆ ಪ್ರತಿ ನೆರಿಗೆಯನ್ನೂ ಸ್ವಲ್ಪ ಸ್ವಲ್ಪ ಸರಿಸಿ ಹಿಡಿಯಬೇಕು. ನನಗೆ ಸ್ಟ್ರೈಪ್ ಇಷ್ಟವಾಗಿತ್ತು. ಆದರೆ ಕೆಂಪು ಗೆರೆ ಹಿಡಿದರೆ ಹಳದಿ ಒಳಗೆ ಮುಚ್ಚಿ ಹೋಗುತ್ತದೆ, ಹಳದಿ ಹಿಡಿದರೆ ಕೆಂಪು. ಎರಡೂ ಬೇಕು ಅಂತ ಸೆಟ್‌ಗೇ ಹೊಲಿಸಿದೆ. 27 ನೆರಿಗೆ ಬಂತು. ಸೊಂಟದಿಂದ ಪಿರ್ರೆಯವರೆಗೆ ಕೈಯಲ್ಲೇ ಹೊಲಿದಿದ್ದಾರೆ, ಅದರ ಕೆಳಗೆ ಬಿಡುಬೀಸು. ಹೊಲಿಗೆ ಹುಡುಕಿದರೂ ಕಾಣುವುದಿಲ್ಲ.

ಅಳತೆ ಕೊಡುವಾಗ ಒಂದು ಎಚ್ಚರ. ಕಿಲ್ಟ್ ಪ್ಯಾಂಟಿನ ಹಾಗೆ ಸೊಂಟದ ಕೆಳಗೆ ಕೂರುವುದಿಲ್ಲ, ಹೊಕ್ಕುಳಿನ ಮಟ್ಟಕ್ಕಿಂತ ಮೇಲೆ ಬರುತ್ತದೆ. ಕೆಳಗಿನ ತುದಿ ಮಂಡಿಚಿಪ್ಪಿನ ನಡುವಿಗೆ. ಕೆಳಗೆ ಅಂಚು ಮಡಚಿ ಹೊಲಿಯುವುದಿಲ್ಲ, ಮಗ್ಗದಲ್ಲಿ ಬಂದ ಅಂಚೇ ಕೆಳಗೆ ಇರುತ್ತದೆ. ಆದ್ದರಿಂದ ಉದ್ದ ಮೊದಲೇ ಸರಿಯಾಗಿರಬೇಕು. ನಿಮ್ಮ ಪ್ಯಾಂಟ್ ಸೈಜ್ ಬರೆದು ಕಳಿಸಬೇಡಿ. ಹೋಗಿ ಅಳತೆ ಕೊಡಿ.

ಈಗ ವೇಸ್ಟ್‌ಕೋಟ್, ಶರ್ಟಿನ ಮೇಲೆ ತೊಡುವ ತೋಳಿಲ್ಲದ ಕೋಟು. ಎಲ್ಲರೂ ಕೊನೆಗೆ ಯೋಚಿಸುವುದು ಇದನ್ನು. ಆದರೆ ಜಾಸ್ತಿ ಹೊತ್ತು ಕಾಣುವುದು ಇದೇ. ಸ್ಕಾಟಿಷ್ ಮದುವೆಯಲ್ಲಿ ಸಂಜೆ ಕೇಲಿ ಕುಣಿತ ಇರುತ್ತದೆ. 'ಸ್ಟ್ರಿಪ್ ದ ವಿಲೋ' ಅನ್ನುವ ಕುಣಿತ ಎರಡು ಸುತ್ತು ಹಾಕುವಷ್ಟರಲ್ಲಿ ಎಲ್ಲ ಗಂಡಸರ ಜಾಕೆಟ್ ಕುರ್ಚಿ ಮೇಲೆ ಹೋಗಿರುತ್ತದೆ. ಅಲ್ಲಿಂದ ರಾತ್ರಿಯವರೆಗೆ ಶರ್ಟ್, ವೇಸ್ಟ್‌ಕೋಟ್, ಕಿಲ್ಟ್, ಅಷ್ಟೇ.

ನಾನು ಮರೆತದ್ದು ಇಲ್ಲಿ. ಕಿಲ್ಟ್ ಬರುವ ಮುಂಚೆಯೇ ಬೇರೊಂದು ಕಡೆ ಆನ್‌ಲೈನ್‌ನಲ್ಲಿ ಹಸಿರು ವೇಸ್ಟ್‌ಕೋಟ್ ತರಿಸಿದೆ. ಟಾರ್ಟನ್‌ನ ಹಸಿರಿಗೆ ಸರಿಯಾಗಿ ಮ್ಯಾಚ್ ಮಾಡಬೇಕು ಅಂತ ಹಟ. ರಾತ್ರಿ ಮನೆಯ ದೀಪದಲ್ಲಿ ಬಟ್ಟೆ ತುಂಡು ಹಿಡಿದು ನೋಡಿದೆ, ಒಂದೇ ಹಸಿರು. ಬೆಳಿಗ್ಗೆ ಕಿಟಕಿ ಹತ್ತಿರ ತಂದರೆ ಒಂದು ನೀಲಿ ಕಡೆ ವಾಲಿದೆ, ಇನ್ನೊಂದು ಹಳದಿ ಕಡೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. 'ಹತ್ತಿರ ಹತ್ತಿರದ ಬಣ್ಣ ಯಾವತ್ತೂ ಇಡಬೇಡ. ಒಂದೋ ಅದೇ ಆಗಿರಬೇಕು, ಇಲ್ಲಾಂದ್ರೆ ದೂರದ್ದಾಗಿರಬೇಕು' ಅಂದರು. ಅದು ಸಾಲದು ಅಂತ ಅಳತೆಯೂ ತಪ್ಪು. ಸೂಟಿಗೆ ಹೊಲಿದ ವೇಸ್ಟ್‌ಕೋಟ್ ಉದ್ದ ಇರುತ್ತದೆ. ಅದರ ಎರಡು ಮೂತಿ ಕಿಲ್ಟಿನ ಮೇಲೆ ಇಳಿದು, ಮುಂದೆ ತೂಗುವ ಸ್ಪೋರನ್ ಚೀಲದ ಹತ್ತಿರ ಬಂದು ಕೂರುತ್ತದೆ. ಕಿಲ್ಟ್ ಮೇಲೆ ಕೂರುವುದರಿಂದ ಅದರ ವೇಸ್ಟ್‌ಕೋಟ್ ಗಿಡ್ಡ ಇರಬೇಕು. 60 ಪೌಂಡ್ ಹೋಯಿತು.

ಆಮೇಲೆ ಕಿಲ್ಟ್ ಹೊಲಿದ ಅಂಗಡಿಯಲ್ಲೇ ಮಾಡಿಸಿದೆ. ಟಾರ್ಟನ್‌ನದೇ ವೇಸ್ಟ್‌ಕೋಟ್ ಬೇಡ ಅಂದೆ. ಕೆಲವರಿಗೆ ಅದು ಒಪ್ಪುತ್ತದೆ, ಆದರೆ ನನ್ನ ಗಿಡ್ಡ ಮೈಗೆ ಎದೆಯಿಂದ ಮಂಡಿಯವರೆಗೆ ಚೌಕುಳಿ ಆದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಟಾರ್ಟನ್‌ನ ಎರಡನೆಯ ಬಣ್ಣ, ಕಡು ನೀಲಿ, ಅದರಲ್ಲಿ ಟ್ವೀಡ್ (ಒರಟು ಉಣ್ಣೆ ಬಟ್ಟೆ) ತೆಗೆದೆವು. ಈ ಸಲ ನಾನೇ ಕೇಳಿ ಎರಡು ಬಟ್ಟೆಯನ್ನೂ ಬೀದಿಗೆ ತಂದೆ. ಲೀತ್‌ನ ಮೋಡದ ಬೆಳಕಿನಲ್ಲಿ ಹತ್ತು ನಿಮಿಷ ನಿಂತು ನೋಡಿದೆವು. ನೀಲಿ ಟ್ವೀಡ್ ಪಕ್ಕದಲ್ಲಿ ಹಸಿರು ಇನ್ನೂ ಹಸಿರಾಯಿತು, ಆ ಸಣ್ಣ ಗೆರೆಗಳು ಎದ್ದು ಬಂದವು. ಐದು ಕೊಂಬಿನ ಗುಂಡಿ. ಬೆನ್ನಿಗೆ ಸ್ಯಾಟಿನ್ ಬೇಡ, ಅಲ್ಲೂ ಟ್ವೀಡ್ ಹಾಕಿ ಅಂದೆ. ಜಾಕೆಟ್ ತೆಗೆದಾಗ ಬೆನ್ನು ಕಾಣುತ್ತದಲ್ಲ. ಇದಕ್ಕೆ 20 ಪೌಂಡ್ ಜಾಸ್ತಿ ಆಯಿತು, ಒಂದು ಪೈಸೆಯೂ ದಂಡ ಅಲ್ಲ. ವೇಸ್ಟ್‌ಕೋಟ್ ಹಾಕಿದಾಗ ಬೆಲ್ಟ್ ಬೇಡ. ಕಿಲ್ಟನ್ನು ಪಕ್ಕದ ಪಟ್ಟಿ ಬಕಲ್‌ಗಳೇ ಹಿಡಿದಿರುತ್ತವೆ, ಬೆಲ್ಟ್ ಹಾಕಿದರೆ ಹೊಟ್ಟೆಯ ಮೇಲೆ ಗಂಟು ಬಂದ ಹಾಗೆ ಉಬ್ಬುತ್ತದೆ. ಟೈ ಕುಂಕುಮದ ಬಣ್ಣದ್ದು, ಶರ್ಟ್ ಬಿಳಿ.

ಖರ್ಚು ಕೇಳುವವರಿಗೆ: ಕಿಲ್ಟ್ 640 ಪೌಂಡ್, ವೇಸ್ಟ್‌ಕೋಟ್ ಎಲ್ಲ ಸೇರಿ 165. ಕಡಿಮೆ ಅಲ್ಲ. ವರ್ಷಕ್ಕೆ ಒಂದು ಮದುವೆಗೆ ಮಾತ್ರ ಹೋಗುವವರು ಬಾಡಿಗೆಗೆ ತನ್ನಿ. ಇಲ್ಲೇ ಮನೆ ಮಾಡಿಕೊಂಡವರು ಹೊಲಿಸಿ. ಸೊಂಟ ಒಂದೆರಡು ಇಂಚು ಬೆಳೆದರೂ ಬಕಲ್ ಸರಿಸಿ ಹೊಲಿದು ಕೊಡುತ್ತಾರೆ.

ಕೊರತೆ ಒಂದಿದೆ. ವೇಸ್ಟ್‌ಕೋಟ್‌ನ ಜೇಬು ಬಹಳ ಚಿಕ್ಕದು, ಫೋನ್ ಹಿಡಿಯುವುದಿಲ್ಲ. ಮತ್ತೆ ಟ್ವೀಡ್ ಹಗಲಿನ ಉಡುಪು. ಬರ್ನ್ಸ್ ಸಪ್ಪರ್‌ಗೆ ಸುತ್ತ ಎಲ್ಲರೂ ಸಂಜೆಯ ಉಡುಪಾದ ಪ್ರಿನ್ಸ್ ಚಾರ್ಲಿ ಜಾಕೆಟ್ಟಿನ ಕೆಳಗೆ ಮೂರು ಬೆಳ್ಳಿ ಗುಂಡಿಯ ಕಪ್ಪು ವೇಸ್ಟ್‌ಕೋಟ್ ಹಾಕಿದ್ದರು. ಅದನ್ನೂ ಮಾಡಿಸಬೇಕು. ಮುಂದಿನ ತಿಂಗಳು ಅಮ್ಮ ಬರುತ್ತಿದ್ದಾರೆ, ಅವರನ್ನು ಕರೆದುಕೊಂಡು ಹೋಗಿ ಅಳತೆ ಕೊಡುತ್ತೇನೆ. ಕಪ್ಪಿನಲ್ಲೂ ನಾಲ್ಕು ಬಗೆ ಇದೆಯಂತೆ, ಅವರೇ ಹೇಳಿದ್ದು.