ನಾಲ್ಕು ವರ್ಷ ಬಳಸಿದ ಹಿತ್ತಾಳೆಯ ಮದ್ದಿನ ಅಳತೆ: ಆಲಿಕೆ ಗೆದ್ದಿತು, ತಿರುಪು ಕೈಕೊಟ್ಟಿತು

ನಳಿಕೆಯ ಬಾಯಿಂದ ಮದ್ದು ತುಂಬುವ ರೈಫಲ್ ಇಟ್ಟುಕೊಂಡವರಿಗೆ ಒಂದೊಂದು ಈಡಿನ ಮದ್ದನ್ನು ಅಳೆಯುವ ಈ ಅಳತೆಗೊಳವೆಯನ್ನು ಪರಿಚಯಿಸಬೇಕಾಗಿಲ್ಲ. ಒಳಗೆ ಮೇಲೆ ಕೆಳಗೆ ಸರಿಯುವ ದಂಡ, ಅದರ ಮೇಲೆ ಗ್ರೇನ್ (ಮದ್ದು ತೂಗುವ ಪುಟ್ಟ ಮಾನ) ಗೆರೆಗಳು, ಪಕ್ಕದಲ್ಲಿ ದಂಡವನ್ನು ಬಿಗಿಯುವ ಪುಟ್ಟ ತಿರುಪು, ತಲೆಯ ಮೇಲೆ ಅತ್ತಿತ್ತ ತಿರುಗುವ ಆಲಿಕೆ. ಮೊದಲ ಎರಡು ವರ್ಷ ಯಾರು ಕೇಳಿದರೂ ಕಣ್ಣು ಮುಚ್ಚಿಕೊಂಡು ಕೊಳ್ಳಿ ಎನ್ನುತ್ತಿದ್ದೆ. ಈಗ ಹಾಗೆನ್ನಲು ಬಾಯಿ ಬರುತ್ತಿಲ್ಲ.

ನನ್ನದು .50 ಕ್ಯಾಲಿಬರಿನ, ಅಂದರೆ ಅರ್ಧ ಇಂಚು ನಳಿಕೆಯ, ಕೇಪಿನ (ಪೆಟ್ಟು ಬಿದ್ದಾಗ ಕಿಡಿ ಕಾರಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ) ರೈಫಲ್. ಉಂಡೆ ಗುಂಡು, ಅದನ್ನು ಸುತ್ತುವ ಎಣ್ಣೆ ಸವರಿದ ಬಟ್ಟೆ ತುಂಡು, ಎರಡು ಎಫ್ ದರ್ಜೆಯ (ಎಫ್ ಎಂಬುದು ಕಾಳಿನ ಗಾತ್ರದ ಗುರುತು) ಕರಿಮದ್ದು 70 ಗ್ರೇನ್, ಅಂದರೆ ಸುಮಾರು 4.5 ಗ್ರಾಂ. 50 ಮೀಟರ್ ದೂರದ ಕಾಗದದ ಗುರಿಗೆ ಒಂದು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಈಡು. ಬೇಟೆಯಿಲ್ಲ, ಸ್ಪರ್ಧೆಯಿಲ್ಲ. ಒಂದು ಈಡಿಗೂ ಇನ್ನೊಂದಕ್ಕೂ ನಡುವಿನ ಆ ನಾಲ್ಕೈದು ನಿಮಿಷಗಳಿಗಾಗಿಯೇ ನಾನು ಈ ರೈಫಲ್ ಹಿಡಿಯುವುದು.

ಆ ನಿಮಿಷಗಳನ್ನು ಈ ಅಳತೆ ಎಷ್ಟು ಚೆಂದ ಮಾಡಿತು ಎಂಬುದನ್ನು ಹೇಳಲೇಬೇಕು. ಈಡು ಹಾರಿದ ಮೇಲೆ ಒದ್ದೆ ಬಟ್ಟೆಯಿಂದ ನಳಿಕೆಯನ್ನು ಒಮ್ಮೆ ಒರೆಸುತ್ತೇನೆ. ಆಲಿಕೆಯನ್ನು ಪಕ್ಕಕ್ಕೆ ತಿರುಗಿಸಿ, ಮದ್ದು ತುಂಬಿಟ್ಟ ಕೊಂಬಿನಿಂದ ಗೊಳವೆಗೆ ಮದ್ದು ಸುರಿಯುತ್ತೇನೆ, ಬಾಯಿಯ ಮೇಲೆ ಸಣ್ಣ ಗೋಪುರ ಏಳುವವರೆಗೆ. ಕೊಂಬಿಗೆ ಬಿರಡೆ ಹಾಕಿ ಹಿಂದಕ್ಕೆ ಸರಿಸುತ್ತೇನೆ. ಉಗುರಿನಿಂದ ಗೊಳವೆಯ ಪಕ್ಕಕ್ಕೆ ಮೂರು ಸಲ ತಟ್ಟುತ್ತೇನೆ; ಕಾಳುಗಳು ಒಂದರ ಸಂದಿಗೆ ಇನ್ನೊಂದು ಇಳಿದು ಕೂರುತ್ತವೆ. ಕೊನೆಗೆ ಆಲಿಕೆಯನ್ನು ಮರಳಿ ಬಾಯಿಯ ಮೇಲೆ ತಂದರೆ ಅದರ ಅಂಚು ಹೆಚ್ಚಿನ ಮದ್ದನ್ನು ಕರಕರ ಸವರಿ ಬೀಳಿಸುತ್ತದೆ, ತಲೆ ಸವರಿದ ಸೇರಿನ ಹಾಗೆ. ಅದೇ ಆಲಿಕೆಯಿಂದ ಮದ್ದು ಒಂದು ಕಾಳೂ ಚೆಲ್ಲದೆ ನಳಿಕೆಗೆ ಇಳಿಯುತ್ತದೆ. ಗಾಳಿ ಬೀಸುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ಹೊಸಬರು ಓದುತ್ತಿದ್ದರೆ ಒಂದು ಮಾತು: ಕೊಂಬಿನಿಂದ ನೇರವಾಗಿ ನಳಿಕೆಗೆ ಎಂದೂ ಸುರಿಯಬೇಡಿ. ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ ಅಳತೆಯಲ್ಲಿರುವ ಒಂದು ಈಡಿನ ಮದ್ದು ಹೊತ್ತಿಕೊಳ್ಳುವುದೇ ಬೇರೆ, ಕೈಯಲ್ಲಿರುವ ಇಡೀ ಕೊಂಬು ಸಿಡಿಯುವುದೇ ಬೇರೆ.

ಮೂರು ತಟ್ಟುಗಳ ಲೆಕ್ಕ ಸುಮ್ಮನೆ ಬಂದದ್ದಲ್ಲ. ಕೊಂಡ ಹೊಸದರಲ್ಲಿ ತಟ್ಟದೆ ಹತ್ತು ಸಲ ಅಳೆದು ಚಿಕ್ಕ ತಕ್ಕಡಿಯಲ್ಲಿ ತೂಗಿದೆ. ಹಗುರವಾದದ್ದಕ್ಕೂ ಭಾರವಾದದ್ದಕ್ಕೂ ನಾಲ್ಕು ಗ್ರೇನ್ ಅಂತರವಿತ್ತು. ಮೂರು ಸಲ ತಟ್ಟಿ ತೂಗಿದಾಗ ಅದು ಒಂದೂವರೆಗೆ ಇಳಿಯಿತು. ಗೆರೆಯಲ್ಲಿ 70 ಇದ್ದರೂ ಸರಾಸರಿ ತೂಕ 67ರ ಹತ್ತಿರ ಬಂತು ಎಂಬುದು ನನಗೆ ದೊಡ್ಡ ದೂರಲ್ಲ. ಇದು ಗಾತ್ರದ ಅಳತೆ, ಪ್ರತಿ ಸಲ ಒಂದೇ ಆಗಿದ್ದರೆ ಸಾಕು. ಪೈರೋಡೆಕ್ಸ್‌ನಂತಹ ಬದಲಿ ಮದ್ದು ಬಳಸುವವರು ಮಾತ್ರ ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು. ಅದು ಕರಿಮದ್ದಿಗಿಂತ ಹಗುರ. 70 ಗ್ರೇನ್ ಎಂದು ತಕ್ಕಡಿಯಲ್ಲಿ ತೂಗಿ ಹಾಕಿದರೆ ಮದ್ದು ಹೆಚ್ಚಾಗಿಬಿಡುತ್ತದೆ. ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದನ್ನಂತೂ ಈ ರೈಫಲ್‌ಗಳ ಹತ್ತಿರವೂ ತರಬಾರದು.

ತೊಂದರೆ ಶುರುವಾದದ್ದು ಮೂರನೆಯ ವರ್ಷ. ಬೆಳಗಿನ ಈಡುಗಳು ಗುರಿಯ ನಡುವೆ ಒತ್ತಾಗಿ ಕೂರುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಮೇಲೇರುತ್ತಿದ್ದವು. ಮಸಿ ಕಟ್ಟಿದೆ ಎಂದು ಪ್ರತಿ ಈಡಿಗೆ ಎರಡು ಸಲ ಒರೆಸಿದೆ. ಬಟ್ಟೆಯ ದಪ್ಪ ಬದಲಿಸಿದೆ. ಕೇಪುಗಳನ್ನು ಬದಲಿಸಿದೆ. ನನ್ನ ಕಣ್ಣನ್ನೇ ಅನುಮಾನಿಸಿ ಕನ್ನಡಕವನ್ನೂ ಪರೀಕ್ಷೆ ಮಾಡಿಸಿದೆ. ಒಂದು ದಿನ ನಳಿಕೆಯ ಮುಂದೆ ಬಿದ್ದಿದ್ದ ಬಟ್ಟೆ ತುಂಡುಗಳನ್ನು ಹೆಕ್ಕಿ ಸಾಲಾಗಿ ಇಟ್ಟಾಗ ಮೊದಲ ಸುಳಿವು ಸಿಕ್ಕಿತು. ಬೆಳಗಿನವು ಅಂಚು ಮಾತ್ರ ಕಂದಿದ್ದವು, ಮಧ್ಯಾಹ್ನದವುಗಳ ನಡುವೆ ಸುಟ್ಟ ತೂತುಗಳಿದ್ದವು. ಅಳತೆಯನ್ನು ಬೆಳಕಿಗೆ ಹಿಡಿದು ನೋಡಿದೆ. ದಂಡ 70ರ ಗೆರೆಯಲ್ಲಿರಲಿಲ್ಲ, 80ಕ್ಕೆ ಹತ್ತಿರವಾಗಿತ್ತು.

ನಾನು ತಟ್ಟುತ್ತಿದ್ದ ಒಂದೊಂದು ಪೆಟ್ಟಿಗೂ ದಂಡ ಕೂದಲೆಳೆಯಷ್ಟು ಕೆಳಗೆ ಜಾರುತ್ತಿತ್ತು. ದಂಡ ಇಳಿದಷ್ಟೂ ಗೊಳವೆ ಆಳವಾಗುತ್ತದೆ, ಮದ್ದು ಹೆಚ್ಚುತ್ತದೆ. ನನ್ನ ರೈಫಲ್ ತಯಾರಕರು ಕೊಟ್ಟ ಮಿತಿಯೊಳಗೇ ಆ ಪ್ರಮಾಣವಿತ್ತು ಎಂಬುದು ಸಮಾಧಾನ. ಆದರೆ ಇಷ್ಟು ತಾಳುವ ನಳಿಕೆ ಎಲ್ಲರ ಕೈಯಲ್ಲೂ ಇರುವುದಿಲ್ಲ. ಅಳತೆ ಎಂದು ಹೆಸರಿಟ್ಟುಕೊಂಡ ವಸ್ತುವೇ ಅಳತೆ ತಪ್ಪಿದರೆ ನಂಬುವುದು ಯಾವುದನ್ನು? ಅಂದು ನನಗಾದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ತಪ್ಪು ಇರುವುದು ತಿರುಪಿನಲ್ಲಿ. ಗೊಳವೆಯ ಗೋಡೆ ತೆಳು, ಅದರಲ್ಲಿ ಥ್ರೆಡ್ ಕೊರೆಯಲು ಎರಡು ಸುತ್ತಿನಷ್ಟೂ ಜಾಗವಿಲ್ಲ. ಕರಿಮದ್ದಿನ ಮಸಿ ಲೋಹವನ್ನು ತಿನ್ನುತ್ತದೆ ಎಂದು ಪ್ರತಿ ಸಂಜೆ ತಿರುಪು ಬಿಚ್ಚಿ ತೊಳೆದು ಒಣಗಿಸುತ್ತಿದ್ದ ನನ್ನ ಅಭ್ಯಾಸವೇ ಆ ಥ್ರೆಡ್ಡನ್ನು ಬೇಗ ಸವೆಸಿತು. ತಯಾರಕರಿಗೆ ಬರೆದೆ. ಇಕ್ಕಳದಿಂದ ಬಿಗಿ ಮಾಡಿ ಎಂಬ ಒಂದು ಸಾಲಿನ ಉತ್ತರ ಬಂತು. ಬಿಗಿ ಮಾಡಿದೆ, ಉಳಿದಿದ್ದ ಥ್ರೆಡ್ಡೂ ಹೋಯಿತು. ಗೋಡೆಯ ಹೊರಗೆ ಒಂದು ಹಿತ್ತಾಳೆಯ ಗುಬುಟು ಬೆಸೆದಿದ್ದರೆ ಈ ತಿರುಪು ನನ್ನ ಕಾಲ ಮುಗಿದ ಮೇಲೂ ಬಿಗಿಯಾಗಿರುತ್ತಿತ್ತು.

ಇನ್ನೊಂದು ದುಬಾರಿ ಅಳತೆ ಕೊಳ್ಳುವಷ್ಟು ದುಡ್ಡನ್ನು ನಾನು ಈ ಹವ್ಯಾಸಕ್ಕೆ ಎತ್ತಿಡುವುದಿಲ್ಲ. ಒಂದು ತುಂಡು ಹಿತ್ತಾಳೆಯ ಕೊಳವೆ ತಂದು, ತಳವನ್ನು ಬೆಸುಗೆ ಹಾಕಿಸಿ ಮುಚ್ಚಿಸಿ, ಬಾಯಿಯನ್ನು ಅರದಿಂದ ಚೂರುಚೂರೇ ಉಜ್ಜಿದೆ. ಉಜ್ಜುವುದು, ಒರೆಸುವುದು, ಮದ್ದು ತುಂಬಿ ತೂಗುವುದು, ಮತ್ತೆ ಉಜ್ಜುವುದು. ಎರಡು ಸಂಜೆ ಹಿಡಿಯಿತು. ಹತ್ತು ಅಳತೆಯ ಸರಾಸರಿ 67ಕ್ಕೆ ಬಂದು ನಿಂತಾಗ ಅರವನ್ನು ಕೆಳಗಿಟ್ಟೆ. ಜಾರಲು ಇದರಲ್ಲಿ ಏನೂ ಇಲ್ಲ.

ಹಳೆಯದನ್ನು ಎಸೆದಿಲ್ಲ. ಆಲಿಕೆಯ ಆ ಕರಕರ ಸದ್ದನ್ನು ಬಿಡಲು ಮನಸ್ಸಾಗಲಿಲ್ಲ. ತಿರುಪಿನ ತೂತಿಗೆ ಒಂದು ಅಳತೆ ದೊಡ್ಡ ಥ್ರೆಡ್ ಕೊರೆಸಿ, 70ರಲ್ಲಿ ದಂಡ ಗೊಳವೆಯೊಳಗೆ ಹೊಗುವ ಜಾಗದಲ್ಲಿ ಸೂಜಿಯಿಂದ ಗೀರಿದ್ದೇನೆ. ದಂಡ ಜಾರಿದರೆ ಗೀರು ಕೂಡಲೇ ಹೊರಗೆ ಕಾಣುತ್ತದೆ. ಹೊಸ ರೈಫಲ್‌ಗೆ 50ರಿಂದ ಶುರುಮಾಡಿ ಐದೈದು ಗ್ರೇನ್ ಏರಿಸುತ್ತ ಹದ ಹುಡುಕುವವರಿಗೆ ಇಂತಹ ಅಳತೆ ಬೇಕೇ ಬೇಕು. ಹದ ಸಿಕ್ಕ ಮೇಲೆ ದಿನದ ಬಳಕೆಗೆ ನಾನು ಇದನ್ನು ಕೊಳ್ಳಿ ಎನ್ನುವುದಿಲ್ಲ. ಈಗಾಗಲೇ ಕೊಂಡಿದ್ದರೆ ಐದು ಈಡಿಗೊಮ್ಮೆ ಗೆರೆ ನೋಡಿ, ಬಟ್ಟೆ ತುಂಡುಗಳನ್ನು ಹೆಕ್ಕಿ ನೋಡಿ. ಐದು ನಕ್ಷತ್ರಗಳಲ್ಲಿ ಮೂರು ಕೊಡುತ್ತಿದ್ದೇನೆ, ಅದರಲ್ಲಿ ಎರಡು ಆಲಿಕೆಯವು.